ದಿನಕ್ಕೆ ಹನ್ನೆರಡು ಎಸಳು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಭಾವನ ಮಂಡಿನೋವು ಕಡಿಮೆಯಾಯಿತೇ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಬೈಯುವುದಿದ್ದರೆ ಇದನ್ನು ಓದಿ ಮುಗಿಸಿದ ಮೇಲೆ ಬೈಯಿ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ "ಇಲ್ಲಿ ನಾವು ಕ್ಷೇಮ" ಎನ್ನುವಲ್ಲಿಗೆ ಬಂದು ಕೈ ನಿಂತುಬಿಟ್ಟಿತು. ಗಾಬರಿಯಾಗಬೇಡ, ಇವರು ಈಗ ಚೆನ್ನಾಗಿದ್ದಾರೆ. ಒಳಗೆ ತಣ್ಣನೆಯ ಹಾಲು ಕುಡಿಯುತ್ತ ಪೇಪರ್ ಓದುತ್ತಿದ್ದಾರೆ. ನನ್ನ ಎದೆ ಮಾತ್ರ ಇನ್ನೂ ಡವಡವ ಎನ್ನುತ್ತಲೇ ಇದೆ.

ಹೋದ ವಾರ ಬುಧವಾರ ಇವರು ಒಂದು ದವಡೆ ಹಲ್ಲು ಕೀಳಿಸಿಕೊಂಡರು. ಹೋದ ವರ್ಷ ಜನವರಿಯಲ್ಲಿ ಹೃದಯದ ಆಪರೇಷನ್ ಆದಾಗಿನಿಂದ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವುದು ನಿನಗೆ ಗೊತ್ತಲ್ಲ. ಹಲ್ಲಿನ ಡಾಕ್ಟರಿಗೆ ಅದನ್ನು ಹೇಳಿದ್ದೆವು. ಅವರು ಹೃದಯದ ಡಾಕ್ಟರನ್ನೂ ಕೇಳಿ, "ಮಾತ್ರೆ ನಿಲ್ಲಿಸೋದು ಬೇಡ, ಹತ್ತಿ ಸ್ವಲ್ಪ ಜಾಸ್ತಿ ಹೊತ್ತು ಕಚ್ಚಿಕೊಂಡಿರಿ, ಸಾಕು" ಎಂದರು. ಮನೆಗೆ ಬನ್ನಿ ಎಂದರೆ ಕೇಳಬೇಕಲ್ಲ ಈ ಮನುಷ್ಯ! "ಹಲ್ಲು ಕಿತ್ತಿರೋದು ಬಾಯಲ್ಲಿ, ಕೈಯಲ್ಲಲ್ಲ" ಎಂದು ನೇರವಾಗಿ ತಮ್ಮ ಟೈಲರ್ ಅಂಗಡಿಗೆ ಹೋದರು.

ಮೂರು ಗಂಟೆಗೆ ಫೋನ್ ಬಂತು. ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವ ಹೆಂಗಸು. "ಅಮ್ಮಾ, ಬೇಗ ಬನ್ನಿ. ಮಾಸ್ಟರ್ ಬಾಯಿಂದ ರಕ್ತ ನಿಲ್ತಾನೇ ಇಲ್ಲ."

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ನೆನಪಿಲ್ಲ. ಹೋಗಿ ನೋಡಿದರೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಯಾರದೋ ಬಿಳಿ ಶರ್ಟು, ಅದರ ತುಂಬ ಕೆಂಪು. ಇವರು ಸ್ಟೂಲಿನ ಮೇಲೆ ಕೂತು ಬಕೆಟ್ಟಿಗೆ ಉಗುಳುತ್ತಿದ್ದರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನನ್ನನ್ನು ನೋಡಿದವರೇ, ಅಷ್ಟು ರಕ್ತ ಬಾಯಲ್ಲಿಟ್ಟುಕೊಂಡು, "ಗಿರಾಕಿ ಬಟ್ಟೆ ಹಾಳಾಯ್ತಲ್ಲೇ" ಎಂದರು.

ನಾನೂ ಆ ಹೆಂಗಸೂ ಕೂಡಿ ಇವರನ್ನು ಆಸ್ಪತ್ರೆಗೆ ಸೇರಿಸಿದೆವು. ಹೊಲಿಗೆ ಹಾಕಿದರು, ಕೈಗೆ ಡ್ರಿಪ್ ಚುಚ್ಚಿದರು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಹೊರಗೆ ಬಂದು, "ಮಾತ್ರೆ ಬಿಟ್ಟು ಬೇರೇನು ತಗೋತಾರೆ? ನಾಟಿ ಔಷಧಿ, ಪುಡಿ, ಏನಾದ್ರೂ?" ಎಂದು ಕೇಳಿದರು.

"ಅಡುಗೆ ಮಾಡೋಳು ನಾನೇ ಡಾಕ್ಟರೇ. ನನಗೆ ಗೊತ್ತಿಲ್ಲದೆ ಒಂದು ಹನಿ ನೀರೂ ಅವರ ಹೊಟ್ಟೆಗೆ ಹೋಗಲ್ಲ" ಎಂದೆ. ಎಷ್ಟು ಗತ್ತಿನಿಂದ ಹೇಳಿದೆ ಅಂತೀಯ!

ಕಾಜಾ ಹಾಕುವಾಕೆ ನನ್ನ ಮೊಣಕೈ ಮುಟ್ಟಿದಳು. "ಅಮ್ಮಾ, ಮಾಸ್ಟರು ಹೇಳಬೇಡ ಅಂದಿದ್ರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದವರೇ ಹನ್ನೆರಡು ಎಸಳು ಹಸಿ ಬೆಳ್ಳುಳ್ಳಿ ಅಗೀತಾರೆ. ಮೇಲಿಂದ ಒಂದು ಲೋಟ ಈರುಳ್ಳಿ ರಸ. ಹಾರ್ಟಲ್ಲಿ ಕಟ್ಟಿಕೊಂಡಿರೋದೆಲ್ಲ ಕರಗುತ್ತಂತೆ, ಯಾರೋ ಗಿರಾಕಿ ಹೇಳಿದ್ರು. ಏಳು ತಿಂಗಳಾಯ್ತು. ಕಾಲರ್ ಅಳತೆ ತಗೊಳ್ಳೋವಾಗ ಜನ ಉಸಿರು ಬಿಗಿ ಹಿಡ್ಕೋತಾರೆ. ಅದಕ್ಕೇ ಈಗ ಟೇಪು ಹಿಡಿಯೋದು ನಾನೇ."

ಕೇಳಿದೆಯಾ ಅಕ್ಕ? ಬೆಳ್ಳುಳ್ಳಿ! ದಿನವೂ ನಾನೇ ಸುಲಿದು ಜಜ್ಜಿ ಹಾಕುವ ಬೆಳ್ಳುಳ್ಳಿ!

ಡಾಕ್ಟರ್ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. "ಅಡುಗೆಗೆ ಹಾಕೋ ನಾಲ್ಕು ಎಸಳಿಂದ ಏನೂ ಆಗಲ್ಲಮ್ಮ. ಹಸೀದು ಇಷ್ಟೊಂದು ತಿಂದ್ರೆ ಅದೂ ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ. ಮಾತ್ರೆ ಮಾಡೋದೂ ಅದನ್ನೇ. ಎರಡೂ ಕೂಡಿದ್ರೆ ಹೀಗಾಗಬಹುದು. ಇದೊಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದ್ರೆ ಇವತ್ತಿಂದಲೇ ನಿಲ್ಲಿಸಿ." ಆಮೇಲೆ, ಎದೆಯುರಿ ಇತ್ತೇ ಎಂದರು. ಇತ್ತು! ಎದೆ ಉರಿಯುತ್ತದೆ ಎಂದು ಇವರು ಹೇಳಿದಾಗಲೆಲ್ಲ ಮತ್ತೆ ಹೃದಯಕ್ಕೇ ಬಂತೇನೋ ಎಂದು ನಾನು ನಡುಗಿದ್ದೇನೆ. ಖಾಲಿ ಹೊಟ್ಟೆಗೆ ಆ ಖಾರ ಬಿದ್ದು ಒಳಗೆಲ್ಲ ಉರಿದು ಹೋಗಿತ್ತಂತೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ರಕ್ತ ಪೂರ್ತಿ ನಿಂತಿತು. ಜೀವ ಉಳಿಯಿತು ಎಂದು ಗೊತ್ತಾದ ತಕ್ಷಣ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು? ನನಗೆ ಒಂದು ಮಾತು ಹೇಳಬಾರದಿತ್ತಾ?"

ಇವರು ಗೋಡೆ ನೋಡುತ್ತ ಹೇಳಿದರು: "ಹೇಳಿದ್ರೆ ಬೈತಿದ್ದೆ. ಇನ್ನೊಂದು ಸಲ ಎದೆ ಹಿಡ್ಕೊಂಡ್ರೆ ಉಳಿಯಲ್ಲ ಅನ್ನಿಸ್ತಿತ್ತು. ನಿನ್ನ ಒಬ್ಬಳನ್ನೇ ಬಿಟ್ಟು ಹೋಗಬೇಕಲ್ಲ ಅಂತ ಭಯ ಕಣೇ."

ಮದುವೆಯಾಗಿ ಇಪ್ಪತ್ತಾರು ವರ್ಷ. ಇವರ ಬಾಯಲ್ಲಿ ಭಯ ಎಂಬ ಮಾತು ಕೇಳಿದ್ದು ಅದೇ ಮೊದಲು. ಸಿಟ್ಟೆಲ್ಲ ಇಳಿದುಹೋಯಿತು.

ಹೋದ ಶುಕ್ರವಾರ ಮನೆಗೆ ಕರೆದುಕೊಂಡು ಬಂದೆ. ಮಾತ್ರೆಗಳನ್ನು ಈಗ ನನ್ನ ಮುಂದೆಯೇ ನುಂಗುತ್ತಾರೆ. ಅಂಗಡಿಯನ್ನು ಕಾಜಾ ಹಾಕುವಾಕೆ ನೋಡಿಕೊಳ್ಳುತ್ತಿದ್ದಾಳೆ. ಭಾವನ ಕೋಟಿನ ಜೇಬು, ಮೇಜಿನ ಡ್ರಾಯರ್ ಎಲ್ಲ ಒಮ್ಮೆ ತೆಗೆದು ನೋಡು. ಗಂಡಸರನ್ನು ಈ ವಿಷಯದಲ್ಲಿ ನಂಬುವಂತಿಲ್ಲ. ನಿನ್ನ ಮೊಮ್ಮಗಳಿಗೆ ಈ ಚಿಕ್ಕಜ್ಜಿಯ ಮುತ್ತು. ಅವಳು ನಗುನಗುತ್ತ ಬೆಳೆಯಲಿ. ನೀವೆಲ್ಲ ತಣ್ಣಗಿರಿ.

ನಿನ್ನ
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲಾಗದೆ ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ಡಾಕ್ಟರ್ ಇನ್ನೂ ಒಂದು ಪ್ರಶ್ನೆ ಕೇಳಿದ್ದರು. "ಇಷ್ಟು ತಿನ್ನೋರ ಉಸಿರಲ್ಲಷ್ಟೇ ಅಲ್ಲ, ಬೆವರಲ್ಲೂ ವಾಸನೆ ಬರುತ್ತೆ. ಮನೇಲಿ ನಿಮಗೆ ಗೊತ್ತಾಗ್ಲೇ ಇಲ್ವಾ?" ನನಗೆ ಯಾವಾಗಲೂ ನೆಗಡಿ ಎಂದುಬಿಟ್ಟೆ. ಸುಳ್ಳು. ಆಪರೇಷನ್ ಆಗಿ ಬಂದ ವಾರವೇ ನಾನು ನನ್ನ ಹಾಸಿಗೆಯನ್ನು ಮುಂದಿನ ಕೋಣೆಯಲ್ಲಿ ಹಾಕಿಕೊಂಡೆ. ಅವರ ನಿದ್ದೆ ಕೆಡಬಾರದು ಎಂದು ಎಲ್ಲರಿಗೂ ಹೇಳಿದೆ, ನಿನಗೂ. ನಿಜವೆಂದರೆ, ಪಕ್ಕದಲ್ಲಿ ಮಲಗಿ ಆ ಉಸಿರು ಎಲ್ಲಿ ನಿಂತುಬಿಡುತ್ತದೋ ಎಂದು ಕಾಯುವುದು ನನ್ನಿಂದಾಗಲಿಲ್ಲ. ಓಡಿಹೋದೆ. ಬರಬರುತ್ತ ಎದುರು ಕೂತು ಬಡಿಸುವುದನ್ನೂ ಬಿಟ್ಟು, ಊಟ ಮೇಜಿನ ಮೇಲೆ ಮುಚ್ಚಿಡತೊಡಗಿದೆ.

ಆಸ್ಪತ್ರೆಯಿಂದ ಹೊರಡುವಾಗ ಡ್ರಿಪ್ ಚುಚ್ಚಿದ್ದ ಇವರ ಕೈ ಊದಿತ್ತು. ಶರ್ಟಿನ ಮೇಲಿನ ಗುಂಡಿ ಹಾಕಲು ನಾನು ಕುತ್ತಿಗೆಯ ಹತ್ತಿರಕ್ಕೆ ಹೋದೆ. ಬೆಳ್ಳುಳ್ಳಿ ಬಿಟ್ಟು ಎರಡು ದಿನವಾಗಿದ್ದರೂ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಇವರು ಬಾಯಿಗೆ ಕೈ ಅಡ್ಡ ಹಿಡಿದು, ನಾಚಿಕೊಂಡು, "ಸ್ವಲ್ಪ ದೂರ ನಿಲ್ಲೇ" ಎಂದರು.

ದೂರವೇ ನಿಂತಿದ್ದೆನಲ್ಲ ಅಕ್ಕ, ಹದಿನಾಲ್ಕು ತಿಂಗಳು.