ಮಾವನ ವಿಮಾನಕ್ಕೆ ಹಚ್ಚಿದ ಫಲಕ

ಸ್ಪ್ರೂಸ್ ಲ್ಯಾಂಡಿಂಗ್, ಬ್ರಿಟಿಷ್ ಕೊಲಂಬಿಯಾ
ಜುಲೈ ೧೪, ೨೦೨೩

ಪ್ರಿಯ ಗುಡ್ರುನ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ನೀನು ಇದನ್ನು ಒಡೆಯದೆ ಬದಿಗಿಡಬಹುದು. ಒಡೆದಿದ್ದರೆ ದಯವಿಟ್ಟು ಕೊನೆಯವರೆಗೆ ಓದು. ಹನ್ನೊಂದು ವರ್ಷಗಳಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ವಿಷಯ ನಿಮ್ಮಪ್ಪನದು.

ನನ್ನ ಹಳೆಯ ಚಾಳಿ ಬಿಟ್ಟಿಲ್ಲ. ಎಡ್ಮಂಟನ್ ಬಿಟ್ಟು ಹದಿನೇಳು ದಿನವಾಯಿತು. ಪಿಕಪ್ಪಿನಲ್ಲಿ ಸರೋವರದಿಂದ ಸರೋವರಕ್ಕೆ ಅಲೆಯುತ್ತಾ, ನೀರಿನ ಮೇಲೆ ಇಳಿಯುವ ವಿಮಾನಗಳ ಚಿತ್ರ ತೆಗೆಯಲು ಹೆಣಗುತ್ತಿದ್ದೇನೆ. ಮೊದಲೆಲ್ಲ ನಾವು ದಕ್ಕೆಯ ತುದಿಯವರೆಗೆ ನಡೆದುಹೋಗಿ, ಪೈಲಟ್ ಜೊತೆ ಕಾಫಿ ಕುಡಿದು, ರೆಕ್ಕೆ ಮುಟ್ಟಿ ಬರುತ್ತಿದ್ದೆವು. ಈಗ ಎಲ್ಲೆಲ್ಲೂ ತಂತಿಬೇಲಿ. ವಿಮೆಯವರು ಬಿಡುವುದಿಲ್ಲವಂತೆ. ಬೇಲಿ ಇಲ್ಲದ ಕಡೆ ಕಾಡ್ಗಿಚ್ಚಿನ ಹೊಗೆ. ರಸ್ತೆಯೇ ಇಲ್ಲದ ಕಾಲದಲ್ಲಿ ಟಪಾಲು, ಹಿಟ್ಟಿನ ಚೀಲ, ಹೆರಿಗೆನೋವಿನ ಹೆಂಗಸರು ಎಲ್ಲವನ್ನೂ ಹೊತ್ತ ಯಂತ್ರಗಳಿವು. ರೈಲು ನಿಲ್ಲಿಸಿದರು, ಬಸ್ಸು ನಿಲ್ಲಿಸಿದರು, ಈಗ ಇವನ್ನು ಬೇಲಿಯಾಚೆಯಿಂದ ನೋಡಿ ಎನ್ನುತ್ತಾರೆ. ಯಾರಿಗೂ ಏನೂ ನೆನಪಿಲ್ಲ.

ಇಲ್ಲಿನ ಪುಟ್ಟ ಸಂಗ್ರಹಾಲಯದಲ್ಲಿ ನಿಮ್ಮಪ್ಪನ ಬೀವರ್ ವಿಮಾನ ಇದೆ. ಬಿದ್ದಲ್ಲಿಂದ ತುಂಡುತುಂಡಾಗಿ ಹೊತ್ತು ತಂದು ಜೋಡಿಸಿದ್ದಾರೆ. ಕಿತ್ತಳೆ ಬಣ್ಣದ ವಿಮಾನಕ್ಕೆ ಹಳದಿ ಬಳಿದಿದ್ದಾರೆ, ಅದನ್ನಾದರೂ ಕ್ಷಮಿಸಿಯೇನು. ಎದುರಿನ ಫಲಕದಲ್ಲಿ ಬರೆದದ್ದನ್ನು ಕ್ಷಮಿಸಲಾರೆ: ‘ಪೈಲಟ್ ಹಾಲ್ವರ್ ನಿಗಾರ್ಡ್ ಮಿತಿಮೀರಿ ಭಾರ ಹೇರಿದ್ದರಿಂದ ೧೯೭೯ರಲ್ಲಿ ಅಪಘಾತಕ್ಕೀಡಾಯಿತು.’

ಮೇಲ್ವಿಚಾರಕಿ ಮಾರ್ನಿ ಎಂಬಾಕೆಯ ಮೇಲೆ ಹರಿಹಾಯ್ದೆ. ಇಪ್ಪತ್ತಾರು ವರ್ಷ ಒಂದು ಗಾಯವಿಲ್ಲದೆ ಹಾರಿಸಿದ ಮನುಷ್ಯನನ್ನು ಒಂದು ಸಾಲಿನಲ್ಲಿ ಮುಗಿಸುತ್ತೀರಾ ಎಂದೆ. ಆಕೆ ತಾಳ್ಮೆಯಿಂದಲೇ ಕೇಳಿಸಿಕೊಂಡಳು. “ನೀವು ಕೂಗಿದ್ರೆ ವರದಿ ಬದಲಾಗಲ್ಲ ಸಾರ್. ವಿಚಾರಣೆ ಕಾಗದದಲ್ಲಿ ಹಾಗೇ ಇದೆ. ಬೇರೆ ಥರ ಬರೀಬೇಕಂದ್ರೆ ಬೇರೆ ಕಾಗದ ಕೊಡಿ. ಈ ತಿಂಗಳ ಇಪ್ಪತ್ತೆಂಟಕ್ಕೆ ಹೊಸ ಫಲಕಗಳು ಅಚ್ಚಿಗೆ ಹೋಗ್ತವೆ, ಆಮೇಲೆ ಇನ್ನು ಇಪ್ಪತ್ತು ವರ್ಷ ಯಾರೂ ಮುಟ್ಟಲ್ಲ” ಎಂದಳು. ನಾಗರಿಕನ ಹಕ್ಕು, ಇತಿಹಾಸದ ಹೊಣೆ ಎಂದೆಲ್ಲ ಭಾಷಣ ಬಿಗಿದು ಬಾಗಿಲು ಬಡಿದು ಹೊರಟೆ.

ಸಿಟ್ಟಿನಲ್ಲಿ ನಿಂಪೋ ಸರೋವರದವರೆಗೂ ಗಾಡಿ ಓಡಿಸಿದೆ. ಅಲ್ಲಿ ಬೇಲಿ ಇರಲಿಲ್ಲ. ನಾಡೀನ್ ಪ್ರಿನ್ಸ್ ಎಂಬ ಪೈಲಟ್, ನಮ್ಮ ಮಗಳ ವಯಸ್ಸಿನವಳು, ವಿಮಾನದ ತೇಲುಗಾಲುಗಳೊಳಗೆ ಸೇರಿದ ನೀರನ್ನು ಕೈಪಂಪಿನಿಂದ ಎಳೆದು ಹಾಕುತ್ತಿದ್ದಳು. ಬೇಟೆಗಾರರ ಬಿಡಾರಕ್ಕೆ ಸಾಮಾನು ಒಯ್ಯುವಾಗ ಒಂದು ಸೀಟು ಖಾಲಿ ಇದೆ, ಬನ್ನಿ ಎಂದಳು. ತೂಕ ಕೇಳಿದಳು. ನೂರಾ ಎಂಬತ್ತು ಪೌಂಡ್ ಎಂದೆ.

“ಬಾಯಿಲೆಕ್ಕ ಬೇಡ ತಾತ, ತಕ್ಕಡಿ ಹತ್ತಿ. ಕ್ಯಾಮೆರಾ ಚೀಲಾನೂ ಹಿಡ್ಕೊಂಡೇ ಹತ್ತಿ.”

ಇನ್ನೂರಾ ಮೂವತ್ತೊಂದು.

“ಅಯ್ಯೋ, ಐವತ್ತು ಪೌಂಡ್ ಎಲ್ಲಿ ಬಚ್ಚಿಟ್ಟಿದ್ರಿ, ಮೀಸೆಯೊಳಗಾ? ಗಂಡಸರು ತೂಕ ಹೇಳೋದು ಮೀನಿನ ಕಥೆ ಥರ, ಆದ್ರೆ ಉಲ್ಟಾ. ಮೀನು ಬೆಳೀತಾ ಹೋಗುತ್ತೆ, ಇವರು ಕರಗ್ತಾ ಹೋಗ್ತಾರೆ!” ದಕ್ಕೆಯ ಮೇಲಿದ್ದವರೆಲ್ಲ ನಕ್ಕರು. ನಂಬಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವಳು ನಗು ನಿಲ್ಲಿಸಿ ಎದುರು ದಡದ ಮರಗಳತ್ತ ಗಲ್ಲ ಎತ್ತಿ ತೋರಿಸಿದಳು. “ಇವತ್ತು ಗಾಳಿ ಇಲ್ಲ, ನೀರು ಕನ್ನಡಿ ಥರ ಮಲಗಿದೆ. ಇಂಥ ದಿನ ನೀರು ವಿಮಾನಾನ ಸುಲಭಕ್ಕೆ ಬಿಡಲ್ಲ. ಸುಳ್ಳು ಹೇಳೋರು ನೀವು, ಅದನ್ನ ಹೊತ್ಕೊಂಡು ಆ ಮರ ದಾಟ್ಬೇಕಾದೋಳು ನಾನು.”

ನಾನು ಆ ವಿಮಾನ ಹತ್ತಲಿಲ್ಲ. ಆರು ಗಂಟೆ ಗಾಡಿ ಓಡಿಸಿ ಮತ್ತೆ ಇಲ್ಲಿಗೆ ಬಂದು, ನಲವತ್ತನಾಲ್ಕು ವರ್ಷ ನಿನಗೂ ಹೇಳದ ಮಾತನ್ನು ಮಾರ್ನಿಯ ಮುಂದೆ ಹೇಳಿದೆ. ಈಗ ನಿನಗೆ ಬರೆಯುತ್ತೇನೆ.

ಸರ್ವೆ ಶಿಬಿರದ ಕಲ್ಲಿನ ಮಾದರಿಗಳ ಪೆಟ್ಟಿಗೆಗಳನ್ನು ತೂಗಿ ಚೀಟಿ ಬರೆಯುವುದು ನನ್ನ ಕೆಲಸವಾಗಿತ್ತು. ವಿಮಾನ ಬಿದ್ದ ಆ ಶುಕ್ರವಾರ ಅವು ಆರುನೂರು ಪೌಂಡ್ ಇದ್ದವು. ಹಾಗೆಂದು ಬರೆದರೆ ಅರ್ಧ ಪೆಟ್ಟಿಗೆಗಳ ಜೊತೆ ನಾನೂ ಮುಂದಿನ ವಿಮಾನ ಬರುವ ಮಂಗಳವಾರದವರೆಗೆ ಅಲ್ಲೇ ಕೂರಬೇಕಿತ್ತು. ಶನಿವಾರ ನಿಮ್ಮೂರಿನಲ್ಲಿ ಕುಣಿತವಿತ್ತು, ನೀನು ಕಾಯುತ್ತಿದ್ದೆ. ನಾನೂರು ಎಂದು ಬರೆದೆ. ಪಾದ್ರಿಯನ್ನೂ ಬಿಡದೆ ತಕ್ಕಡಿ ಹತ್ತಿಸುತ್ತಿದ್ದ ನಿಮ್ಮಪ್ಪ, ಮಗಳನ್ನು ಕೊಡಲಿರುವ ಹುಡುಗನ ಚೀಟಿ ಎಂದು ಪೆಟ್ಟಿಗೆಗಳನ್ನು ತೂಗಿಸದೆ, ಓದಿ ಜೇಬಿಗಿಟ್ಟುಕೊಂಡರು. ಅಂದೂ ನೀರು ಕನ್ನಡಿಯಂತಿತ್ತು. ಮರಗಳ ತುದಿಗೆ ತೇಲುಗಾಲು ತಗುಲಿತು. ನನಗೆ ತೋಳಿನ ಮೂಳೆ ಮುರಿಯಿತು. ಅವರಿಗೆ ಕಾಲು, ಲೈಸೆನ್ಸು, ಎರಡೂ ಹೋದವು. ಚೀಟಿ ಅಂಗಿಯ ಜೊತೆ ನೀರಿನಲ್ಲಿ ಮುದ್ದೆಯಾಗಿತ್ತು. ವಿಚಾರಣೆಯಲ್ಲಿ ಅವರು ಆಡಿದ್ದು ಒಂದೇ ಮಾತು: “ತೂಕ ನೋಡೋದು ಪೈಲಟ್ ಕೆಲಸ. ನಾನು ನೋಡಲಿಲ್ಲ.” ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೂವತ್ಮೂರು ವರ್ಷ ಅವರು ಬಲೆ ಹೊಲಿದು ಬದುಕಿದರು. ಕ್ರಿಸ್‌ಮಸ್ ಊಟಕ್ಕೆ ಪ್ರತಿವರ್ಷ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಇಷ್ಟನ್ನೂ ಕೇಳಿ ಮಾರ್ನಿ ಏನೆಂದಳು ಗೊತ್ತೇ? ಚಹಾ ಕೊಟ್ಟು, ಎಲ್ಲ ಬರೆದುಕೊಂಡು, “ನಾನು ನಂಬ್ತೀನಿ ಸಾರ್. ಆದ್ರೆ ಸಮಿತಿಯವರು ನಂಬಲ್ಲ. ನೀವು ಅವರ ಅಳಿಯ. ಸತ್ತ ಮಾವನ ಹೆಸರು ಉಳಿಸೋಕೆ ತಪ್ಪು ಮೈಮೇಲೆ ಹಾಕ್ಕೊಳ್ತಿದೀರಿ ಅಂತಾರೆ. ಆವತ್ತಿನ ಕಾಗದ ಏನಾದ್ರೂ ಇದ್ರೆ ತನ್ನಿ” ಎಂದಳು.

ಸುಳ್ಳು ಹೇಳಿದಾಗ ಒಂದು ಚೀಟಿಗೇ ನಂಬಿದರು. ನಿಜ ಹೇಳಿದರೆ ದಾಖಲೆ ಬೇಕಂತೆ! ಅಂಥ ಕಾಗದವನ್ನು ಈಗ ಎಲ್ಲಿಂದ ತರಲಿ, ಗುಡ್ರುನ್?

ನಿನ್ನ,
ಓರೆಸ್ಟ್

ತಾ.ಕ.: ಸಹಿ ಹಾಕಿ ಒಂದು ಗಂಟೆಯಾಯಿತು, ಲಕೋಟೆ ಅಂಟಿಸಲು ಆಗುತ್ತಿಲ್ಲ. ನಿನಗೂ ಹೇಳದ ಮಾತು ಎಂದು ಬರೆದೆನಲ್ಲ, ಅದು ನಿಜವಲ್ಲ. ವಿಮಾನ ಬೀಳುವ ಎರಡು ದಿನ ಮೊದಲು, ಬುಧವಾರದ ಟಪಾಲಿನಲ್ಲಿ ನಿನಗೆ ಕಾಗದ ಹಾಕಿದ್ದೆ: ಪೆಟ್ಟಿಗೆಗಳು ಆರುನೂರು ತೂಗುತ್ತವೆ, ನಾನೂರು ಎಂದು ಬರೆಯುತ್ತೇನೆ, ನಿಮ್ಮಪ್ಪ ನನ್ನದನ್ನು ತೂಗುವುದಿಲ್ಲ, ಶನಿವಾರ ಕಾದಿರು ಎಂದು. ಮಂಗಳವಾರ ನೀನು ಆಸ್ಪತ್ರೆಗೆ ಬಂದಾಗ ಆ ಲಕೋಟೆಯ ಅಂಚು ನಿನ್ನ ಕೈಚೀಲದಲ್ಲಿ ಕಾಣುತ್ತಿತ್ತು. ನೀನು ಏನೂ ಹೇಳಲಿಲ್ಲ, ಅಕ್ಟೋಬರಿನಲ್ಲಿ ನನ್ನನ್ನು ಮದುವೆಯಾದೆ. ಹನ್ನೊಂದು ವರ್ಷದ ಹಿಂದೆ, ಅಪ್ಪನನ್ನು ಮಣ್ಣು ಮಾಡಿದ ಮರುವಾರ, ನೀನು ಬಟ್ಟೆ ಕಟ್ಟಿಕೊಂಡು ಹೊರಟೆ. ನಾನು ಕಾರಣ ಕೇಳಲಿಲ್ಲ. ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ನನ್ನ ಕ್ಯಾಮೆರಾದ ಹುಚ್ಚು ತಾಳದೆ ಹೋದಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ಕಾಗದ ನೀನು ಇಟ್ಟುಕೊಂಡಿದ್ದರೆ ನನಗೆ ಕಳಿಸಬೇಡ. ನನ್ನ ಕೈಯನ್ನು ನಾನೇ ನಂಬಲಾರೆ. ಇಪ್ಪತ್ತೆಂಟರೊಳಗೆ ಸಿಗುವಂತೆ ಮಾರ್ನಿಗೇ ಕಳಿಸು, ಅಂಚೆಯ ತಾರೀಖಿನ ಮುದ್ರೆಯಿರುವ ಲಕೋಟೆಯ ಸಮೇತ.