ದೊಡ್ಡಪ್ಪ ಹೊಡೆಸಿದ ಸಾಲು

ಆಗಸ್ಟ್ 18, ಬೆಳಗ್ಗೆ 7
ಓಟ ಮುಗಿಸಿ ಬಂದೆ. ಅಂಬಲಿ ಕುಡಿದೆ. ಇವತ್ತು ಮಹಿಳಾ ಕಬಡ್ಡಿ ಲೀಗ್ ತಂಡದ ಮ್ಯಾನೇಜರ್ ಸೂರ್ಯಪ್ರಕಾಶ್ ನನ್ನ ಕಾಂಟ್ರ್ಯಾಕ್ಟ್ ಹಿಡಿದು ನಮ್ಮೂರು ಹೊನ್ನವಳ್ಳಿಗೇ ಬರುತ್ತಾರೆ. ಶ್ರಾವಣ ಸೋಮವಾರವೇ ಆಗಬೇಕೆಂದು ದೊಡ್ಡಪ್ಪನ ಹಟ. ಮಾತಾಡುವವರೂ ಅವರೇ. ತಿಪಟೂರಿನ ಕೊಬ್ಬರಿ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡವರು, ಚೌಕಾಸಿಯಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಅದೇ ದಿನ, ಸಂಜೆ
ದೊಡ್ಡಪ್ಪ ಗೆದ್ದರು. ನನಗೆ ಬೇರೆ ಸಸ್ಯಾಹಾರದ ಅಡುಗೆ, ಕಾರ್ತಿಕ ಸೋಮವಾರ ರಜೆ, ಮನೆಯವರಿಗೆ ಪಾಸು, ಅಮ್ಮ ಬಂದರೆ ರೂಮು. ಮ್ಯಾನೇಜರ್ ಬೆವರು ಒರೆಸಿಕೊಂಡರು. ನನಗೆ ನಗು.

ಆಮೇಲೆ ಮ್ಯಾನೇಜರ್ ಕಾಂಟ್ರ್ಯಾಕ್ಟಿನ ಕೊನೆಯ ಸಾಲು ಓದಿದರು — ಗಾಯವಾದರೆ ಚಿಕಿತ್ಸೆ, ಸೀಸನ್ ಸಂಬಳ ಎಲ್ಲ ತಂಡದ್ದೇ.

ದೊಡ್ಡಪ್ಪನ ಮುಖ ಗಂಟಾಯಿತು. “ಈಗ ತಾನೆ ಪೂಜೆ ಮಾಡಿ ಕೂತಿದೀವಿ ಕಣ್ರೀ. ಶುಭದ ಕಾಗ್ದದಲ್ಲಿ ಕೈಕಾಲ್ ಮುರಿಯೋ ಮಾತ್ಯಾಕೆ? ಹೊಡ್ದಾಕ್ಬುಡಿ.”

ಅದಕ್ಕೆ ಮಾತ್ರ ಮ್ಯಾನೇಜರ್ ಚೌಕಾಸಿ ಮಾಡಲಿಲ್ಲ. ಗೀಟು ಎಳೆದು, ಪಕ್ಕದಲ್ಲಿ ನನ್ನ ಸಹಿ ಕೇಳಿದರು.

“ದೊಡ್ಡಪ್ಪ, ಅದು ಇರ್ಲಿ…”

“ನಿನ್ ಬಾಯಲ್ಲಿ ಅದು ಬರಬಾರ್ದು ಕಣವ್ವ.”

ಅಮ್ಮ ಕಣ್ಣಲ್ಲೇ ಗದರಿದಳು. ಅಪ್ಪ ಹೋದ ಮೇಲೆ ನನ್ನನ್ನು ಆಡಿಸಿ ಬೆಳೆಸಿದವರು ದೊಡ್ಡಪ್ಪ. ಎದುರಾಡಲು ಆಗಲಿಲ್ಲ. ಸಹಿ ಹಾಕಿದೆ.

ಸೆಪ್ಟೆಂಬರ್ 9
ಕ್ಯಾಂಪು. ನನಗೊಬ್ಬಳಿಗೇ ಬಿಸಿ ಮುದ್ದೆ, ಸೊಪ್ಪಿನ ಸಾರು. “ನಿಸರ್ಗಾ, ನಿಮ್ ದೊಡ್ಡಪ್ಪನ್ನ ನಮಗೂ ಕೊಡೇ” ಎಂದು ಹುಡುಗಿಯರು ರೇಗಿಸುತ್ತಾರೆ. ಖುಷಿ.

ಅಕ್ಟೋಬರ್ 12
ಊರಲ್ಲಿದ್ದೇನೆ. ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಪ್ರಾಕ್ಟೀಸಿನಲ್ಲಿ ಬಲ ಮೊಣಕಾಲು ತಿರುಚಿತು. ಲಿಗಮೆಂಟ್ ಹರಿದಿದೆ. ಬೇಗ ಆಪರೇಷನ್ ಆಗದಿದ್ದರೆ ಆಟ ಮರೆತುಬಿಡು ಎಂದರು ಡಾಕ್ಟರು. ನನ್ನ ಜಾಗಕ್ಕೆ ಬೇರೆ ರೈಡರ್ ಬಂದಳು. ಮ್ಯಾನೇಜರ್ ಹೇಳಿದ್ದು ಇಷ್ಟೇ — “ಆ ಸಾಲು ನಿಮ್ಮೋರೇ ಹೊಡೆಸಿದ್ದಲ್ವಾ ಮೇಡಂ.”

ಬೈಯಬೇಕು ಅನಿಸುತ್ತದೆ. ಯಾರನ್ನು?

ಅಕ್ಟೋಬರ್ 14, ಸಂಜೆ 5
ದೊಡ್ಡಪ್ಪ ನನ್ನ ಫೋನಿನಿಂದಲೇ ಮ್ಯಾನೇಜರಿಗೆ ಮಾಡಿದ್ದಾರೆ. ಸ್ಪೀಕರಿಗೆ ಹಾಕಿ ನನ್ನ ಪಕ್ಕದಲ್ಲಿಟ್ಟಿದ್ದಾರೆ. ಕಿಟಕಿ ಕಡೆ ತಿರುಗಿ ನಿಂತಿದ್ದಾರೆ. ನಾನು ಮಂಚದ ಮೇಲೆ ಕಾಲು ಚಾಚಿ ಬರೆಯುತ್ತಿದ್ದೇನೆ. ಬೇರೇನು ಮಾಡಲಿ.

“ಸಂಬಳ ಬೇಡ್ರೀ. ಆಪರೇಷನ್ ಒಂದು ಮಾಡ್ಸಿ.”

“ಆಗಲ್ಲ ಸರ್.”

“ಅರ್ಧ ಹಾಕಿ.”

“ಆಗಲ್ಲ.”

ಕೊಬ್ಬರಿ ವ್ಯಾಪಾರದಲ್ಲಿ ಒಬ್ಬರು ಇಳಿದರೆ ಎದುರಿನವರು ಸ್ವಲ್ಪವಾದರೂ ಏರುತ್ತಾರೆ. ದೊಡ್ಡಪ್ಪನಿಗೆ ಗೊತ್ತಿರುವುದು ಅದೊಂದೇ.

“ಮುಂದಿನ್ ವರ್ಷ ಆಡ್ತಾಳೆ, ಅದ್ರಲ್ಲಿ ಹಿಡ್ಕಳ್ಳಿ… ಹೋಗ್ಲಿ, ಆಸ್ಪತ್ರೆಗೆ ಹೋಗಿಬರೋ ಖರ್ಚಾದ್ರೂ ಕೊಡಿ ಸ್ವಾಮಿ…”

ಫೋನ್ ಆಗಲೇ ಕಟ್ಟಾಗಿದೆ. ಆ ಸದ್ದು ನನಗೆ ಕೇಳಿತು, ಅವರಿಗೆ ಕೇಳಿಲ್ಲ. ಇನ್ನೂ ಇಳಿಯುತ್ತಲೇ ಇದ್ದಾರೆ. ಹೇಗೆ ಹೇಳಲಿ. ದೊಡ್ಡಪ್ಪ, ಆ ಕಡೆ—