ಕಿರುಬೆರಳಿನ ನೀಲಿ ಮಸಿ

ನಿರಾಶ್ರಿತರ ಶಿಬಿರ, ನೀರಿನ ಟ್ಯಾಂಕಿನ ಹಿಂದಿನ ಸಾಲು
ಬುಧವಾರ, ಸಂಜೆ

ನೆರೆದಿರುವ ಮಹಾಜನಗಳೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಗಲಾಟೆ ಎಬ್ಬಿಸುತ್ತಿರುವ ಮಹನೀಯರೇ! ಕ್ಷಮಿಸು ಮಗಳೇ, ದಿನವಿಡೀ ಶಿಬಿರದ ಪ್ರಕಟಣೆಗಳನ್ನು ಮೈಕಿನಲ್ಲಿ ಕೂಗಿ ಕೂಗಿ ಕಾಗದಕ್ಕೂ ಅದೇ ಚಾಳಿ ಅಂಟಿದೆ.

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು. ಅಳಿಯಂದಿರ ಕಾಲಿನ ಬ್ಯಾಂಡೇಜು ಬಿಚ್ಚಿದರೇ? ಆಸ್ಪತ್ರೆಯಲ್ಲಿ ನಿನಗೆ ಮಲಗಲು ಜಾಗ ಸಿಕ್ಕಿತೇ, ಇಲ್ಲ ಬೆಂಚಿನ ಮೇಲೆಯೇ ತೂಕಡಿಸುತ್ತಿದ್ದೀಯಾ? ಇಲ್ಲಿ ನಿನ್ನ ಅಮ್ಮನ ಮಂಡಿನೋವೂ ನನ್ನ ಕೆಮ್ಮೂ ಕ್ಷೇಮ. ನಿನ್ನ ಮಗಳು ಪಟಾಕಿ ಹೆಸರಿಗೆ ತಕ್ಕಂತೆ ಸಿಡಿಯುತ್ತಲೇ ಇದ್ದಾಳೆ.

ಶಿಬಿರಕ್ಕೆ ದಡಾರ ಬಂದಿದೆ. ಹೆದರಬೇಡ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ನಾಟಕದಲ್ಲಿ ಖಳನಾಯಕ ಬರುವಾಗ ನಗಾರಿಯನ್ನಾದರೂ ಬಾರಿಸುತ್ತಾರೆ; ಇದು ಸದ್ದಿಲ್ಲದೆ ಗುಡಾರದಿಂದ ಗುಡಾರಕ್ಕೆ ನುಗ್ಗುತ್ತಿದೆ. ಲಸಿಕೆಯವರು ಬಂದಿದ್ದಾರೆ, ಆದರೆ ಚುಚ್ಚಿಸಿಕೊಳ್ಳಲು ಮಕ್ಕಳೇ ಇಲ್ಲ! ಏಕೆ ಗೊತ್ತೇ? ಲಸಿಕೆ ಆದ ಮಕ್ಕಳ ಗುರುತಿಗೆಂದು ನಿನ್ನೆ ಬೆಳಿಗ್ಗೆ ನರ್ಸಮ್ಮ ಕಿರುಬೆರಳಿಗೆ ನೀಲಿ ಮಸಿ ಹಚ್ಚಿದಳು. ರೇಷನ್ ಪಡೆದವರ ತೋರುಬೆರಳಿಗೂ ಇಲ್ಲಿ ಅದೇ ನೀಲಿ ಮಸಿ. ಹಾಲಿನಪುಡಿ ಹಂಚುವ ಗುಮಾಸ್ತ ಒಂದು ಮಗುವಿನ ಬೆರಳು ನೋಡಿದವನೇ, “ಏನಮ್ಮಾ, ನಿಂದು ಆಗ್ಲೇ ಆಗಿದ್ಯಲ್ಲ, ನಡಿ ನಡಿ” ಎಂದು ಅದರ ತಾಯಿಯನ್ನು ಬರಿಗೈಯಲ್ಲಿ ಅಟ್ಟಿಬಿಟ್ಟ. ಮುಗಿಯಿತು! ಮಧ್ಯಾಹ್ನದೊಳಗೆ ಮಕ್ಕಳೆಲ್ಲ ಮಾಯ. ನರ್ಸಮ್ಮ ಹೋದಲ್ಲೆಲ್ಲ ಬರೀ ಕಂಬಳಿಯ ಗುಡ್ಡೆಗಳು. ಒಂದು ಗುಡ್ಡೆ ಸೀನಿತು. ಪಕ್ಕದಲ್ಲಿದ್ದ ತಾಯಿ ತಾನೇ ಸೀನಿದವಳಂತೆ ಮೂಗು ಒರೆಸಿಕೊಂಡಳು. ಆಹಾ, ಎಂಥ ಅಭಿನಯ!

ಇವತ್ತು ನಾನು ಗುಮಾಸ್ತನ ಬೆನ್ನುಹತ್ತಿ, ಕಿರುಬೆರಳಿನ ಮಸಿ ನೋಡಿ ಯಾರನ್ನೂ ವಾಪಸು ಕಳಿಸುವುದಿಲ್ಲವೆಂದು ಮಾತು ತೆಗೆದುಕೊಂಡೆ. ಅದನ್ನೇ ಸಾಲುಸಾಲಿಗೂ ನಿಂತು ಸಾರಿದೆ. ಚಪ್ಪಾಳೆ ಬಿತ್ತು, ಒಂದು ಮಗುವೂ ಹೊರಬರಲಿಲ್ಲ. ಟ್ಯಾಂಕಿನ ಹತ್ತಿರ ಒಬ್ಬ ಹೆಂಗಸು, “ಡೈಲಾಗು ಚೆನ್ನಾಗೈತೆ ಅಜ್ಜಾ, ನಿನ್ನ ಮೊಮ್ಮಗಳ ಬೆರಳು ತೋರ್ಸು ನೋಡೋಣ” ಎಂದಳು. ಮೈಕು ಆರಿಸಿ ಮುಂದಿನ ಸಾಲಿಗೆ ನಡೆದೆ. ನರ್ಸಮ್ಮ ಪಟಾಕಿಯನ್ನು ಮುಟ್ಟಲು ನಿನ್ನ ಅಮ್ಮ ಬಿಟ್ಟರೆ ತಾನೇ? “ಹಾಲಿನಪುಡಿ ತಪ್ಪಿದ್ರೆ ಮಗುಗೆ ನಿಮ್ಮ ಮೈಕು ಕುಡಿಸ್ತೀರಾ?” ಎನ್ನುತ್ತಾಳೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ; ತನ್ನ ಪಾಲಿನದನ್ನೂ ಮೊಮ್ಮಗಳಿಗೇ ತಿನ್ನಿಸುವವಳು ಅವಳು.

ಕಾಗದ ಒಯ್ಯುವ ಟ್ಯಾಂಕರಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಹೊತ್ತುಹೊತ್ತಿಗೆ ಉಣ್ಣು.

ಇಂತಿ,
ದೊಡ್ಡ ಗಂಟಲಿನ ನಿನ್ನ ಅಪ್ಪ

ತಾ.ಕ.: ಟ್ಯಾಂಕರಿನವನನ್ನು ಕೈಹಿಡಿದು ನಿಲ್ಲಿಸಿದ್ದೇನೆ. ನಿನ್ನ ಅಮ್ಮ ಈಗ ಅಳುತ್ತಾ ಹೇಳಿದಳು: ನಿನ್ನೆ ನರ್ಸಮ್ಮ ಬಂದಾಗ ಪಕ್ಕದವಳು ತನ್ನ ಕೂಸನ್ನು ನಮ್ಮಲ್ಲಿ ಬಚ್ಚಿಟ್ಟಿದ್ದಳಂತೆ, ಪಟಾಕಿಯ ಕಂಬಳಿಯೊಳಗೇ. ಇವತ್ತು ಆ ಕೂಸಿನ ಮೈತುಂಬ ದಡಾರ ಎದ್ದಿದೆ. ನರ್ಸಮ್ಮನ ಬಳಿ ಓಡಿದೆ. “ಬೇಗ ಹಾಕ್ಸಿದ್ರೆ ಇನ್ನೂ ತಡೀಬಹುದು ಅಜ್ಜಾ, ಖಂಡಿತ ಅಂತ ಹೇಳಲಾರೆ” ಎಂದಳು. ಲಸಿಕೆಯ ಐಸ್ ಪೆಟ್ಟಿಗೆ ಮತ್ತೆ ಬರುವುದು ಬೆಳಿಗ್ಗೆಯೇ. ಪಟಾಕಿಗೆ ಜ್ವರವಿಲ್ಲ, ನಿನ್ನ ಅಮ್ಮ ಅವಳ ಹಣೆಯಿಂದ ಕೈ ತೆಗೆಯುತ್ತಿಲ್ಲ. ಲಸಿಕೆಗೆ ಈಗ ನಿನ್ನ ಅಮ್ಮನೂ ಒಪ್ಪಿದ್ದಾಳೆ. ನಾಳೆ ಬೆಳಿಗ್ಗೆ ಮೊದಲ ಚುಚ್ಚುಮದ್ದು ನಿನ್ನ ಮಗಳಿಗೇ ಹಾಕಿಸುತ್ತೇನೆ. ಮಸಿ ಆರುವ ಮೊದಲೇ ಅವಳನ್ನು ಹೆಗಲೇರಿಸಿಕೊಂಡು, ಆ ಬೆರಳನ್ನು ಎತ್ತಿ ಹಿಡಿಸಿ, ಎಲ್ಲ ತಾಯಂದಿರ ಕಣ್ಣೆದುರು ಹಾಲಿನಪುಡಿಯ ಸಾಲಿನಲ್ಲಿ ನಿಲ್ಲುತ್ತೇನೆ.